ಜಾಗ ಬದಲಿಸುವ ನರಿ

ಮಾರ್ಚ್ 4

ಬೆದರುಬೊಂಬೆ ಕಾರ್ಯಾಗಾರದ ಮಾಲೀಕರಿಗೆ,

ಮಾನ್ಯರೇ,

ನೀವು ಕಳಿಸಿದ ಪ್ಲಾಸ್ಟಿಕ್ ನರಿ ನಮ್ಮಲ್ಲಿಗೆ ಬಂದು ಹನ್ನೊಂದು ದಿನವಾಯಿತು. ನೋಡಲು ಚೆನ್ನಾಗಿದೆ. ಹೆಬ್ಬಾತುಗಳಿಗೂ ಹಾಗೆಯೇ ಅನ್ನಿಸಿರಬೇಕು. ನಿನ್ನೆ ಮಧ್ಯಾಹ್ನದ ಬಿಸಿಲಿಗೆ ಒಂದು ಹೆಬ್ಬಾತು ನಿಮ್ಮ ನರಿಯ ಹೊಟ್ಟೆಯ ಕೆಳಗೆ, ನೆರಳಿನಲ್ಲಿ, ಕಾಲು ಮಡಚಿ ಕೂತು ಕಣ್ಣು ಮುಚ್ಚಿತ್ತು.

ಇದನ್ನು ತಮಾಷೆಗೆ ಬರೆಯುತ್ತಿಲ್ಲ. ನಾನು ಕೆಲಸ ಮಾಡುವುದು ಕಾಲು ಕಳೆದುಕೊಂಡವರಿಗೆ ಹೊಸ ಕಾಲು ಜೋಡಿಸಿ ನಡೆಯಲು ಕಲಿಸುವ ಆಸ್ಪತ್ರೆಯಲ್ಲಿ. ಒಳಗೆ ಕಂಬಿ ಹಿಡಿದು ಹೆಜ್ಜೆ ಹಾಕಿದವರು ಮೂರನೆಯ ವಾರಕ್ಕೆ ಹೊರಗಿನ ಹುಲ್ಲುಹಾಸಿಗೆ ಬರುತ್ತಾರೆ. ಬಿದ್ದರೂ ಪೆಟ್ಟಾಗಬಾರದು ಎಂದೇ ಹುಲ್ಲು ಬೆಳೆಸಿರುವುದು. ಪಕ್ಕದಲ್ಲಿ ಕೊಳ. ಕೊಳದಿಂದ ದಿನವೂ ಐವತ್ತು ಅರವತ್ತು ಹೆಬ್ಬಾತು ಬಂದು, ಹುಲ್ಲು ಕಿತ್ತು ತಿಂದು, ನಡೆಯುವ ಜಾಗದ ತುಂಬ ಹಿಕ್ಕೆ ಹಾಕಿ ಹೋಗುತ್ತವೆ. ಅದು ಒದ್ದೆ ಸೋಪಿಗಿಂತ ಹೆಚ್ಚು ಜಾರುತ್ತದೆ. ಹೋದ ತಿಂಗಳು ಇಬ್ಬರು ಬಿದ್ದರು. ಮೂರನೆಯವರು ಬಿದ್ದರೆ ಹುಲ್ಲು ಅಗೆಸಿ, ಸಿಮೆಂಟ್ ಇಟ್ಟಿಗೆ ಹಾಸಿ, ಕಾರು ನಿಲ್ಲಿಸುವ ಜಾಗ ಮಾಡುವುದಾಗಿ ನಿರ್ದೇಶಕರು ಹೇಳಿದ್ದಾರೆ. ಆಮೇಲೆ ರೋಗಿಗಳು ಒಳಗಿನ ಓಣಿಯಲ್ಲೇ ಸುತ್ತಬೇಕು. ನನಗಂತೂ ಇಲ್ಲಿ ಕೆಲಸವೇ ಇರುವುದಿಲ್ಲ.

ಹಳೆಯ ಮಾಲಿ ನಿವೃತ್ತರಾದ ಮೇಲೆ ಜನವರಿಯಲ್ಲಿ ನಾನು ಬಂದೆ. ಹುಲ್ಲಿನ ಕೆಲಸ ನನಗೆ ಹೊಸದಲ್ಲ. ಆದ್ದರಿಂದ ತಪ್ಪು ನನ್ನದಲ್ಲ, ನರಿಯದು ಎಂದು ಧೈರ್ಯವಾಗಿ ಹೇಳಬಲ್ಲೆ. ನೀವು ನಮ್ಮ ಕಣ್ಣಿಗೆ ಮಣ್ಣೆರಚಿದ್ದೀರಾ?

ಇನ್ನೊಂದು ಮಾತು. ಗಾಳಿ ಬಂದಾಗ ಬಾಲ ಅಲ್ಲಾಡುತ್ತದೆ. ಒಳಗೆ ಇರುವುದು ಸ್ಪ್ರಿಂಗೋ ರಬ್ಬರೋ? ಬಿಚ್ಚಿ ನೋಡಬಹುದೇ?

ಇಂತಿ,
ಆಸ್ಪತ್ರೆಯ ಮಾಲಿ


ಮಾರ್ಚ್ 9

ಶ್ರೀಮತಿಯವರೇ,

ಹತ್ತೊಂಬತ್ತು ವರ್ಷದಿಂದ ಬೆದರುಬೊಂಬೆ ಮಾಡುತ್ತಿದ್ದೇನೆ. ಗೂಬೆ, ಗಿಡುಗ, ಹಾವು, ನರಿ. ನಮ್ಮ ನರಿಯ ಹೊಟ್ಟೆ ಕೆಳಗೆ ಹಕ್ಕಿ ನಿದ್ದೆ ಮಾಡಿತು ಎಂಬ ದೂರು ಇದೇ ಮೊದಲು.

ಒಂದು ಕೇಳುತ್ತೇನೆ. ಹನ್ನೊಂದು ದಿನವೂ ಅದು ನೆಟ್ಟ ಜಾಗದಲ್ಲೇ ನಿಂತಿತ್ತೇ? ನಿಂತಿತ್ತು ಎಂದಾದರೆ ಅದು ನರಿಯಲ್ಲ, ಬಣ್ಣ ಹಚ್ಚಿದ ಕಲ್ಲು. ಹೆಬ್ಬಾತು ದಡ್ಡ ಹಕ್ಕಿಯಲ್ಲ. ಮೂರು ದಿನ ನೋಡುತ್ತದೆ, ನಾಲ್ಕನೆಯ ದಿನ ನೆಂಟಸ್ತನ ಬೆಳೆಸುತ್ತದೆ. ದಿನ ಬಿಟ್ಟು ದಿನ ಜಾಗ ಬದಲಿಸಿ. ಮರದ ಬುಡದಲ್ಲಿ ನಿಲ್ಲಿಸಬೇಡಿ, ಬಯಲಲ್ಲಿ ಕಾಣಬೇಕು. ಮೂತಿ ನೀರಿನ ಕಡೆಗಿರಲಿ. ವಾರದಲ್ಲಿ ಎರಡು ದಿನ ಅದನ್ನು ಪೂರ್ತಿ ಬಚ್ಚಿಡಿ. ಕಾಣದ ನರಿಗೆ ಹಕ್ಕಿ ಹೆಚ್ಚು ಹೆದರುತ್ತದೆ. ಇದೆಲ್ಲ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಅಚ್ಚಾಗಿತ್ತು. ಚೀಟಿಯನ್ನು ಯಾರೂ ಓದುವುದಿಲ್ಲ ಎಂದು ಗೊತ್ತಿದ್ದೂ ಅಚ್ಚು ಹಾಕಿಸುತ್ತೇನೆ.

ಬಾಲದ ವಿಷಯ. ಹಕ್ಕಿ ಓಡಿಸುವವರಿಗೆ ಬಾಲದ ಹೊರಗಿರುವುದು ಸಾಕು. ಹೋದ ವರ್ಷ ಇಂಥದೇ ಪ್ರಶ್ನೆ ಕೇಳಿದ ಒಬ್ಬ ಮಹಾಶಯರು ಆರು ತಿಂಗಳಲ್ಲಿ ನಮ್ಮ ನರಿಯ ತಮ್ಮನೊಬ್ಬನನ್ನು ಅಂಗಡಿಗಳಿಗೆ ಬಿಟ್ಟರು. ನೀವು ನಿಜಕ್ಕೂ ಆಸ್ಪತ್ರೆಯವರೇ? ನಿಮ್ಮ ಪತ್ರದ ಮೇಲೆ ಮೊಹರು ಇರಲಿಲ್ಲ.

ಇಂತಿ,
ಕಾರ್ಯಾಗಾರದ ಮಾಲೀಕ


ಮಾರ್ಚ್ 20

ಮಾನ್ಯರೇ,

ಮೊಹರು ಹಾಕಿಸಿದ್ದೇನೆ. ಎರಡು ಕಡೆ. ನಿಮಗೆ ಸಮಾಧಾನವಾಗಲಿ.

ನೀವು ಹೇಳಿದಂತೆ ದಿನ ಬಿಟ್ಟು ದಿನ ನರಿಯನ್ನು ಕಿತ್ತು ಬೇರೆಡೆ ನಿಲ್ಲಿಸಿದೆ. ಹಕ್ಕಿ ಕಡಿಮೆಯಾದವು. ಅರವತ್ತು ಇದ್ದದ್ದು ಇಪ್ಪತ್ತಾಯಿತು, ಮೊನ್ನೆಯಿಂದ ಎಂಟು. ಇಷ್ಟರ ಮಟ್ಟಿಗೆ ನಿಮ್ಮ ಚೀಟಿಗೆ ಕೃತಜ್ಞತೆ.

ಆದರೆ ಬೇರೆ ಯಾರೋ ನರಿಯನ್ನು ಮುಟ್ಟುತ್ತಿದ್ದಾರೆ. ನಾಲ್ಕು ಗಂಟೆಗೆ ಕೆಲಸ ಮುಗಿಸಿ ಹೋಗುವಾಗ ಬೆಂಚಿನ ಬಳಿ ನಿಲ್ಲಿಸಿರುತ್ತೇನೆ. ಬೆಳಿಗ್ಗೆ ಏಳಕ್ಕೆ ಬಂದು ನೋಡಿದರೆ ಕೊಳದ ಅಂಚಿನಲ್ಲಿ! ನಾಲ್ಕೂ ಕಾಲಿಗೆ ಕಬ್ಬಿಣದ ಮೊಳೆ ಇರುವ ನರಿ ಗಾಳಿಗೆ ನಡೆದುಹೋಗುವುದುಂಟೇ? ಹೋದ ವಾರವಂತೂ ಎರಡು ದಿನ ಕಾಣೆಯೇ ಆಗಿತ್ತು. ಮೂರನೆಯ ದಿನ ಬೆಳಿಗ್ಗೆ ಏನೂ ಆಗದ ಹಾಗೆ ಹುಲ್ಲಿನ ನಡುವೆ ನಿಂತಿತ್ತು.

ಕಾವಲುಗಾರನನ್ನು ಕೇಳಿದೆ. "ನಂಗೇನು ಹುಚ್ಚೇನಮ್ಮ, ಡ್ಯೂಟಿ ಬಿಟ್ಟು ನರಿ ಜೊತೆ ವಾಕಿಂಗ್ ಹೋಗೋಕೆ?" ಎಂದ. ನಿರ್ದೇಶಕರ ಡ್ರೈವರ್ ಮೇಲೂ ಅನುಮಾನವಿದೆ. ಅವನ ಕಾರು ಬಿಸಿಲಿನಲ್ಲಿ ನಿಲ್ಲುತ್ತದೆ, ಹುಲ್ಲು ಹೋದರೆ ಅವನಿಗೆ ಲಾಭ. ನನ್ನನ್ನು ಕಂಡಾಗಲೆಲ್ಲ "ನಿಮ್ಮ ನಾಯಿಗೆ ಊಟ ಆಯ್ತಾ?" ಎಂದು ನಗುತ್ತಾನೆ. ನಗುವವರನ್ನು ನಾನು ಸುಲಭಕ್ಕೆ ನಂಬುವುದಿಲ್ಲ.

ಕೇಳಿಬಿಡುತ್ತೇನೆ, ತಪ್ಪು ತಿಳಿಯಬೇಡಿ. ಗಿರಾಕಿಗಳಿಗೆ ನಂಬಿಕೆ ಬರಲಿ ಎಂದು ಜಾಗ ಬದಲಿಸಲು ನೀವೇ ಯಾರನ್ನಾದರೂ ಇಟ್ಟಿದ್ದೀರಾ?

ಇಂತಿ,
ಆಸ್ಪತ್ರೆಯ ಮಾಲಿ


ಮಾರ್ಚ್ 26

ತಂಗೀ,

ನಕ್ಕು ನಕ್ಕು ಬಣ್ಣದ ಡಬ್ಬಿ ಚೆಲ್ಲಿಕೊಂಡೆ. ನಿಮ್ಮ ಊರಿಗೆ ನಮ್ಮಲ್ಲಿಂದ ಎರಡು ದಿನದ ಹಾದಿ. ನನ್ನ ಕಾರ್ಯಾಗಾರದಲ್ಲಿ ಇರುವುದು ನಾನು, ಅಚ್ಚಿನ ಯಂತ್ರ, ಮತ್ತು ಗೂಬೆಗಳಿಗೆ ಕಣ್ಣು ಅಂಟಿಸುವ ನನ್ನ ಅಕ್ಕ. ನಿಮ್ಮ ನರಿಯನ್ನು ಮೇಯಿಸಲು ಕಳಿಸೋಣವೆಂದರೆ ಆಕೆಗೆ ಬಸ್ಸಿನಲ್ಲಿ ವಾಂತಿ.

ಪತ್ತೆ ಹಚ್ಚುವುದು ಕಷ್ಟವಲ್ಲ. ಸಂಜೆ ಹೋಗುವಾಗ ನರಿಯ ಸುತ್ತ ತೆಳ್ಳಗೆ ಮರಳು ಎರಚಿ ಹೋಗಿ. ಬೆಳಿಗ್ಗೆ ಹೆಜ್ಜೆ ಗುರುತು ಸಿಗುತ್ತದೆ. ಒಂದು ಕಾಲು ಎಳೆದ ಹಾಗಿದೆಯೇ ನೋಡಿ. ಸಿಕ್ಕಿದವರನ್ನು ಸ್ವಲ್ಪ ನಾಚಿಸಿ, ಅಷ್ಟು ಸಾಕು.

ಇಂತಿ,
ಬೊಂಬೆಯವನು


ಏಪ್ರಿಲ್ 3

ಮಾನ್ಯರೇ,

ನಾನು ನಿಮ್ಮ ತಂಗಿಯಲ್ಲ. ನನಗೆ ಇರುವ ಅಣ್ಣ ಒಬ್ಬನೇ, ಅವನೇ ಸಾಕಾಗಿದೆ.

ಕಳ್ಳ ಸಿಕ್ಕಿದ. ಮರಳಿನ ಮೇಲೆ ಬಲ ಹೆಜ್ಜೆ ಅಚ್ಚೊತ್ತಿದ ಹಾಗೆ ಮೂಡಿತ್ತು, ಎಡ ಹೆಜ್ಜೆ ಎಳೆದಿತ್ತು. ಈ ಆಸ್ಪತ್ರೆಯಲ್ಲಿ ಕಾಲೆಳೆಯದವರೇ ಕಡಿಮೆ, ಅದರಿಂದ ಏನು ತಿಳಿದೀತು ಎಂದುಕೊಂಡೆ. ಆದರೆ ಬಲ ಹೆಜ್ಜೆಯೊಳಗೆ ಸಾಲಾಗಿ ಸಣ್ಣ ತೂತುಗಳಿದ್ದವು. ಹುಲ್ಲಿನ ಬೇರಿಗೆ ಗಾಳಿಯಾಡಲೆಂದು ಮಾಲಿಗಳು ಹಾಕುವ ಮೊಳೆಬೂಟು. ಇಲ್ಲಿ ಅಂಥ ಬೂಟು ಇರುವುದು ಇಬ್ಬರ ಹತ್ತಿರ. ಒಂದು ಜೊತೆ ನನ್ನ ಕಾಲಲ್ಲಿದೆ.

ಇನ್ನೊಂದು ಹಳೆಯ ಮಾಲಿಯದು. ಮೂವತ್ತೊಂದು ವರ್ಷ ಈ ಹುಲ್ಲು ನೋಡಿಕೊಂಡವರು. ಅವರ ಮನೆ ರಸ್ತೆಯ ಆಚೆ, ಕಿಟಕಿ ನೇರವಾಗಿ ಹುಲ್ಲಿಗೆ ತೆರೆಯುತ್ತದೆ. ಜನವರಿಯಲ್ಲಿ ಕೆಲಸ ಒಪ್ಪಿಸುವಾಗ ಅವರು ನನ್ನ ಮುಖ ನೋಡಲಿಲ್ಲ. ಬೀಗದ ಕೈ ಗೊಂಚಲನ್ನು ಮೇಜಿನ ಮೇಲೆ ಎಸೆದು "ಹುಲ್ಲು ನಿನ್ನ ಮಾತು ಕೇಳಲ್ಲ" ಎಂದು ಹೊರಟುಹೋದರು. ಅಂದಿನಿಂದ ಆ ಕಿಟಕಿಯ ಪರದೆ ಅರ್ಧ ಸರಿದೇ ಇರುತ್ತದೆ. ನಾನು ಬಗ್ಗಿದರೆ, ಎದ್ದರೆ, ಬೆವರು ಒರೆಸಿಕೊಂಡರೆ, ಎರಡು ಕಣ್ಣು ಬೆನ್ನಿಗೆ ಅಂಟಿರುತ್ತವೆ.

ಸೋಮವಾರ ಮನೆಗೆ ಹೋಗುವವಳಂತೆ ಹೋಗಿ, ಸುತ್ತಿ ಬಂದು ಉಪಕರಣದ ಕೋಣೆಯಲ್ಲಿ ಕೂತೆ. ಐದೂವರೆಗೆ ಬೇಲಿಯ ಕಂಡಿಯಿಂದ ಅವರು ಬಂದರು. ನನ್ನ ನರಿಯನ್ನು ಕಿತ್ತರು, ಕಂಕುಳಲ್ಲಿ ಇರುಕಿಕೊಂಡು ಅದರೊಂದಿಗೆ ಏನೋ ಗೊಣಗುತ್ತಾ ಕೊಳದತ್ತ ಹೋದರು. ನನಗೆ ಎಲ್ಲ ಅರ್ಥವಾಯಿತು. ಮೂರನೆಯವರು ಬೀಳಲಿ, ಹೊಸಬಳು ಕೈಲಾಗದವಳು ಎಂದು ಎಲ್ಲರೂ ಆಡಿಕೊಳ್ಳಲಿ, ಇಷ್ಟೇ ಅವರ ಆಸೆ. ಆ ಎರಡು ದಿನ ನರಿಯನ್ನು ಬಚ್ಚಿಟ್ಟವರೂ ಅವರೇ.

ಅವರ ಎದುರಿಗೆ ಹೋಗಲಿಲ್ಲ. ಮರುದಿನ ನಿರ್ದೇಶಕರಿಗೆ ಬರೆದುಕೊಟ್ಟೆ. ಅವರು ಬೇಲಿಯ ಕಂಡಿಗೆ ತಂತಿ ಕಟ್ಟಿಸಿದರು. ಸಂಜೆ ಹಳೆಯ ಮಾಲಿ ಮುಂಬಾಗಿಲಿನಿಂದಲೇ ಬಂದರು. ರೋಗಿಗಳೆಲ್ಲ ನೋಡುತ್ತಿದ್ದ ಹಾಗೆ ಕಾವಲುಗಾರ ಅವರ ಕೈ ಹಿಡಿದು ರಸ್ತೆಯವರೆಗೆ ನಡೆಸಿಕೊಂಡು ಹೋಗಿ ಬಿಟ್ಟ. ಅವರು ಜಗಳವಾಡಲಿಲ್ಲ. ತಿರುಗಿಯೂ ನೋಡಲಿಲ್ಲ. ಈಗ ಕಿಟಕಿಯ ಪರದೆ ಪೂರ್ತಿ ಮುಚ್ಚಿದೆ. ಮೂರು ತಿಂಗಳಲ್ಲಿ ಮೊದಲ ಬಾರಿ ನೆಮ್ಮದಿಯಾಗಿ ಬಗ್ಗಿ ಕೆಲಸ ಮಾಡಿದೆ.

ಒಂದೇ ಒಂದು ಮುಳ್ಳು. ಕಾಲು ಎಳೆದ ಗುರುತು ಹುಡುಕಿ ಎಂದು ನೀವು ಮೊದಲೇ ಬರೆದಿದ್ದಿರಿ. ನಿಮಗೆ ಹೇಗೆ ಹೊಳೆಯಿತು?

ಇಂತಿ,
ಆಸ್ಪತ್ರೆಯ ಮಾಲಿ


ಏಪ್ರಿಲ್ 12

ಶ್ರೀಮತಿಯವರೇ,

ಸುಮ್ಮನೆ ಊಹೆ. ಕಾಲಿನ ಆಸ್ಪತ್ರೆ ಎಂದಿರಿ, ಅದಕ್ಕೇ ಹಾಗೆ ಬರೆದೆ.

ಕೈ ಹಿಡಿದು ಹೊರಗೆ ಬಿಡುವಷ್ಟು ದೂರ ಹೋಗಬೇಕಿರಲಿಲ್ಲ. ಒಂದು ಮಾತು ಕೇಳಬಹುದಿತ್ತು. ಹುಲ್ಲಜ್ಜನಿಗೆ ವಯಸ್ಸಾಗಿದೆ, ಮುಂಗೋಪವೂ ಇರಬಹುದು. ಆದರೂ.

ಇಲ್ಲಿ ಕೆಲಸ ಜಾಸ್ತಿ. ಗಿಡುಗಗಳ ದೊಡ್ಡ ಬೇಡಿಕೆ ಬಂದಿದೆ. ಪತ್ರ ತಡವಾದರೆ ಬೇಸರಿಸಬೇಡಿ.

ಇಂತಿ,
ಕಾರ್ಯಾಗಾರದ ಮಾಲೀಕ


ಮೇ 3

ಕಾರ್ಯಾಗಾರದ ಮಾಲೀಕರಿಗೆ,

ನಿಮ್ಮ ಪತ್ರ ಬಂದು ಎರಡು ವಾರವಾಯಿತು. ಬೇಕೆಂದೇ ಉತ್ತರಿಸಲಿಲ್ಲ. ಹಕ್ಕಿ ಎಣಿಸುತ್ತಿದ್ದೆ.

ಏಪ್ರಿಲ್ ಐದಕ್ಕೆ ಎಂಟು ಹಕ್ಕಿ. ಹತ್ತಕ್ಕೆ ಇಪ್ಪತ್ತೈದು. ಇಪ್ಪತ್ತಕ್ಕೆ ಅರವತ್ತು. ನಿನ್ನೆ ಎಪ್ಪತ್ತಮೂರು. ದಿನ ಬಿಟ್ಟು ದಿನ ಜಾಗ ಬದಲಿಸಿದ್ದೇನೆ, ಮೂತಿ ನೀರಿನ ಕಡೆಗೇ ಇಟ್ಟಿದ್ದೇನೆ. ಅವುಗಳಿಗೆ ಲೆಕ್ಕಕ್ಕೇ ಇಲ್ಲ. ಏಪ್ರಿಲ್ ಇಪ್ಪತ್ತೆಂಟರಂದು, ಮೊದಲು ಬಸ್ ಓಡಿಸುತ್ತಿದ್ದ ಒಬ್ಬರು ಹುಲ್ಲಿನ ಮೇಲೆ ಐದನೆಯ ಹೆಜ್ಜೆ ಇಟ್ಟಿದ್ದರು, ಆರನೆಯದಕ್ಕೆ ಜಾರಿದರು. ಭುಜಕ್ಕೆ ಪೆಟ್ಟು. ನೋವಿಗಿಂತ ಹೆಚ್ಚಾಗಿ ಹೆದರಿದ್ದಾರೆ, ಮತ್ತೆ ಕಂಬಿ ಬಿಡಲು ಒಪ್ಪುತ್ತಿಲ್ಲ. "ಗೋಡೆ ಇರೋ ಕಡೆ ಸಾಕಮ್ಮ ನಂಗೆ" ಎಂದರು. ಆ ಮಾತು ಕೇಳಿದ ಮೇಲೆ ನನಗೆ ಊಟ ಸೇರುತ್ತಿಲ್ಲ. ಹುಲ್ಲು ಅಗೆಸುವ ಮೊದಲು ನಿರ್ದೇಶಕರು ಮೇ ಮೂವತ್ತೊಂದರವರೆಗೆ ಕೊನೆಯ ಗಡುವು ಕೊಟ್ಟಿದ್ದಾರೆ. ಅಂದು ಬೆಳಿಗ್ಗೆ ಅವರೇ ಬಂದು ನೋಡುತ್ತಾರೆ.

ನನ್ನ ಪುಸ್ತಕ ತೆಗೆದು ಕೂತೆ. ನರಿ ಎಲ್ಲಿತ್ತು, ಹಕ್ಕಿ ಎಷ್ಟಿದ್ದವು ಎಂದು ದಿನವೂ ಬರೆದಿಟ್ಟಿದ್ದೆ. ಮಾರ್ಚಿನಲ್ಲಿ ಹಕ್ಕಿ ಕಡಿಮೆಯಿದ್ದ ಒಂದೊಂದು ದಿನವೂ ನರಿ ನಿಂತಿದ್ದದ್ದು ನಾನಿಟ್ಟ ಜಾಗದಲ್ಲಲ್ಲ. ಅದು ಕಾಣೆಯಾಗಿದ್ದ ಎರಡು ದಿನ ಒಂದೂ ಹಕ್ಕಿ ಇಳಿದಿರಲಿಲ್ಲ. ವಾರಕ್ಕೆರಡು ದಿನ ಬಚ್ಚಿಡಿ ಎಂದು ನೀವು ಬರೆದದ್ದನ್ನು ನಾನು ಮಾಡಿರಲಿಲ್ಲ, ಹೆದರಿಕೆಯಾಗಿತ್ತು. ಮಾಡಿದವರು ಅವರು.

ಒಂದು ಸುಳ್ಳು ಒಪ್ಪಿಕೊಳ್ಳುತ್ತೇನೆ. ಹುಲ್ಲಿನ ಕೆಲಸ ನನಗೆ ಹೊಸದು. ಹನ್ನೆರಡು ವರ್ಷ ಇದೇ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ, ಆವಿಯ ನಡುವೆ, ಹಾಸಿಗೆಯ ಬಟ್ಟೆ ಹಿಂಡಿದ್ದೇನೆ. ಅಲ್ಲಿ ಕಿಟಕಿಯೇ ಇಲ್ಲ. ಹೊರಗಿನ ಕೆಲಸ ಖಾಲಿಯಾದಾಗ ಬೇಡಿಕೊಂಡು ಬಂದೆ. ಮತ್ತೆ ಆ ಕೋಣೆಗೆ ಹೋಗಬೇಕಾದೀತು ಎಂಬ ಭಯಕ್ಕೆ ಕಂಡಕಂಡವರೆಲ್ಲ ಕಳ್ಳರಂತೆ ಕಂಡರು.

ನನ್ನ ಸುಳ್ಳು ಹೇಳಿಯಾಯಿತು. ಈಗ ನಿಮ್ಮದು. ನಿಮ್ಮ ಕೊನೆಯ ಪತ್ರದಲ್ಲಿ 'ಹುಲ್ಲಜ್ಜ' ಎಂದು ಬರೆದಿದ್ದೀರಿ. ರೋಗಿಗಳು ಅವರನ್ನು ಕರೆಯುವ ಹೆಸರು ಅದು. ನನ್ನ ಯಾವ ಪತ್ರದಲ್ಲೂ ನಾನು ಅದನ್ನು ಬರೆದಿಲ್ಲ. ಪ್ರತಿ ಪತ್ರದ ನಕಲು ಇಟ್ಟಿದ್ದೇನೆ, ನಾಲ್ಕು ಸಲ ಓದಿದೆ. ಎರಡು ದಿನದ ಹಾದಿಯ ಆಚೆ ಕೂತ ನಿಮಗೆ ಆ ಹೆಸರು, ಆ ಕಾಲು ಹೇಗೆ ಗೊತ್ತು? ನಿಜ ಬರೆಯಿರಿ. ಇಲ್ಲವಾದರೆ ನಿಮ್ಮ ನರಿಯನ್ನು ಬಾಲ ಕಿತ್ತು ನಿಮಗೇ ಕಳಿಸುತ್ತೇನೆ.

ಮಾಲಿ


ಮೇ 9

ಅಮ್ಮಾ,

ಸಿಕ್ಕಿಬಿದ್ದೆ. ಬರೆಯುತ್ತೇನೆ.

ಹುಲ್ಲಜ್ಜನೂ ನಾನೂ ಒಂಬತ್ತು ವರ್ಷದಿಂದ ಪತ್ರ ಬರೆದುಕೊಳ್ಳುತ್ತಿದ್ದೇವೆ. ಮುಖ ನೋಡಿದ್ದಿಲ್ಲ. ಮೊದಲ ಪತ್ರ ಅವರದು, ಯಾರದೋ ತೋಟದಲ್ಲಿ ನನ್ನ ನರಿ ನೋಡಿ ಬರೆದದ್ದು, ಒಂದೇ ಸಾಲು: "ನಿನ್ನ ನರಿಗೆ ಬೆಕ್ಕಿನ ಕಿವಿ ಯಾಕಿಟ್ಟಿದ್ದೀಯ?" ನಾನು ಕೆರಳಿ ನಾಲ್ಕು ಪುಟ ಬರೆದೆ. ಅವರು ಐದು ಪುಟದಲ್ಲಿ ತಿದ್ದಿ ಕಳಿಸಿದರು. ಹಾಗೆ ಶುರುವಾದದ್ದು. ಈಗಿನ ನರಿಯ ಕಿವಿ ಅವರದು, ನಿಲುವು ಅವರದು. ನೀವು ಕೇಳಿದ ಬಾಲದೊಳಗಿನ ಸ್ಪ್ರಿಂಗೂ ಅವರದೇ ಉಪಾಯ. ಹೆಸರು ಮಾತ್ರ ನನ್ನದು.

ಜನವರಿಯಲ್ಲಿ ಬರೆದರು: "ಹೊಸಬಳು ಬಂದಿದ್ದಾಳೆ. ಹುಲ್ಲಿಗೆ ಹೆದರುತ್ತಾಳೆ, ಹೆದರುವವರು ಮೆಲ್ಲಗೆ ತುಳಿಯುತ್ತಾರೆ, ಕಲಿತಾಳು. ನಿನ್ನ ನರಿ ತರಿಸಲು ಕಚೇರಿಯಲ್ಲಿ ಹೇಳಿದ್ದೇನೆ. ನನ್ನ ಹೆಸರು ಎತ್ತಬೇಡ, ಎತ್ತಿದರೆ ಕಸಕ್ಕೆ ಹಾಕುತ್ತಾಳೆ." ಅಂದರೆ ನೀವು ಯಾರೆಂದು ನನಗೆ ಮೊದಲೇ ಗೊತ್ತಿತ್ತು. ಮೊಹರು ಕೇಳಿದ್ದು ನಾಟಕ.

ಮಾರ್ಚ್ ನಡುವಿನಲ್ಲಿ ಮತ್ತೊಂದು ಪತ್ರ ಬಂತು. ಸಂಜೆ ಹೋಗಿ ನೀವು ತಪ್ಪಿಟ್ಟದ್ದನ್ನು ಸರಿಪಡಿಸಿ ಬರುತ್ತೇನೆ ಎಂದಿದ್ದರು. ಅದರ ಕೆಳಗೆ ನರಿಯ ಬಗ್ಗೆ: "ಮೂತಿಯ ಗೆರೆ ಅಲುಗಿದೆ. ನಿನ್ನ ಕೈ ಹೋಯಿತು. ಬೇರೆಯವರು ಬಿಡಿಸುವ ಮೊದಲು ನೀನೇ ಕೆಲಸ ಬಿಡು."

ನನ್ನ ಕೈ ನಡುಗುವುದು ನಿಜ. ಒಂದು ವರ್ಷವಾಯಿತು. ಅಕ್ಕನಿಗೂ ಹೇಳಿಲ್ಲ. ಒಬ್ಬ ಗಿರಾಕಿಯೂ ಕಂಡುಹಿಡಿದಿಲ್ಲ. ಅವರು ಬಣ್ಣದ ಒಂದು ಗೆರೆ ನೋಡಿ ಹೇಳಿಬಿಟ್ಟರು. ಅದೇ ವಾರ ನಿಮ್ಮ ಪತ್ರ ಬಂತು, ಯಾರೋ ನರಿ ಮುಟ್ಟುತ್ತಿದ್ದಾರೆ ಎಂದು. ಒಂದು ಮಾತಿನಲ್ಲಿ ನಿಮ್ಮ ಅನುಮಾನ ನಿವಾರಿಸಬಹುದಿತ್ತು. ನಾನು ಮರಳು ಎರಚಿ ಎಂದು ಬರೆದೆ. ಅವರು ಒಮ್ಮೆ ನಿಮ್ಮ ಕೈಗೆ ಸಿಕ್ಕಿ ಮುಜುಗರಪಡಲಿ, ಸ್ವಲ್ಪ ತಗ್ಗಲಿ ಎಂದು. ನಡೆಸಿಕೊಂಡು ಹೋಗಿ ರಸ್ತೆಯಲ್ಲಿ ಬಿಡುತ್ತಾರೆ ಎಂದು ಎಣಿಸಿರಲಿಲ್ಲ. ಎಣಿಸಬೇಕಿತ್ತು.

ಏಪ್ರಿಲ್‌ನಿಂದ ಮೂರು ಪತ್ರ ಬರೆದಿದ್ದೇನೆ. ಒಂದಕ್ಕೂ ಉತ್ತರವಿಲ್ಲ. ನರಿಯ ಬಾಲ ಕಿತ್ತು ಕಳಿಸುವುದಾದರೆ ಕಳಿಸಿ. ತಕರಾರಿಲ್ಲ.

ಬೊಂಬೆಯವನು


ಮೇ 19

ಬೊಂಬೆಯವರೇ,

ನಿಮ್ಮ ಮೇಲೆ ನನಗೆ ಇನ್ನೂ ಕೋಪವಿದೆ. ನನ್ನ ಮೇಲೂ ಇದೆ, ಅದಕ್ಕೇ ನಿಮ್ಮ ಪಾಲು ಸ್ವಲ್ಪ ಕಡಿಮೆ.

ಪತ್ರ ಓದಿದ ದಿನವೇ ನಿರ್ದೇಶಕರ ಬಳಿ ಹೋಗಿ ನಾನು ಬರೆದುಕೊಟ್ಟದ್ದು ತಪ್ಪು ಎಂದೆ. "ಮೊದಲು ಬರಬಾರದು ಅಂತೀರಿ, ಈಗ ಬರಬೇಕು ಅಂತೀರಿ. ಹುಲ್ಲಿನವರ ಸಹವಾಸವೇ ಬೇಡಪ್ಪ" ಎಂದು ತಲೆ ಚಚ್ಚಿಕೊಂಡು ಆದೇಶ ಹಿಂತೆಗೆದುಕೊಂಡರು. ಬೇಲಿಯ ತಂತಿಯನ್ನು ನಾನೇ ಬಿಚ್ಚಿದೆ. ಕೈ ಗೀರಿತು, ಗೀರಲಿ ಎಂದುಕೊಂಡೆ.

ಆಮೇಲೆ ಅವರ ಮನೆಗೆ ಹೋದೆ. ಮೂರು ಸಲ. ಮೂರೂ ಸಲ ಬಾಗಿಲು ತೆಗೆದವರು ಅವರ ಹೆಂಡತಿ. "ಅವರು ಮನೇಲಿಲ್ಲ" ಎಂದರು. ಮೊಳೆಬೂಟು ಹೊಸಿಲ ಪಕ್ಕದಲ್ಲೇ ಇತ್ತು. ಒಳಗಿನಿಂದ ಕೆಮ್ಮು ಕೇಳಿಸುತ್ತಿತ್ತು. ನಾನು ಆ ಕೆಮ್ಮಿಗೆ ಕೇಳುವ ಹಾಗೆ ಗಟ್ಟಿಯಾಗಿ ಕ್ಷಮೆ ಕೇಳಿದೆ. ಕೆಮ್ಮು ನಿಂತಿತು, ಅಷ್ಟೇ.

ಮೂರನೆಯ ಸಲ ಆಕೆ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಹೇಳಿದರು. "ಅವರು ಅಲ್ಲಿಗೆ ಮೊದಲು ಬಂದದ್ದು ಕೆಲಸಕ್ಕಲ್ಲಮ್ಮ, ಕಾಲಿಗೆ. ಎಡಗಾಲು ಕಟ್ಟಿಗೇದು. ಆ ಹುಲ್ಲಿನ ಮೇಲೇ ನಡೆಯೋದು ಕಲಿತ್ರು. ಆಮೇಲೆ ಅಲ್ಲೇ ನಿಂತ್ಬಿಟ್ರು. ಹೊಸಬರು ಬಂದ್ರೆ ಮೊದಲ ಹೆಜ್ಜೆ ಇವರ ಕೈ ಹಿಡ್ಕೊಂಡೇ ಇಡ್ತಿದ್ದದ್ದು, ಗೊತ್ತಾ ನಿಂಗೆ? ಅಂಥವರ ಕೈಯನ್ನ ಹಿಡಿದು ಆಚೆ ಬಿಟ್ರಲ್ಲ."

ಮೂರು ತಿಂಗಳು ಅವರ ಕಿಟಕಿಯ ಎದುರು ಕೆಲಸ ಮಾಡಿದ್ದೇನೆ, ಬೊಂಬೆಯವರೇ. ಕಾಲಿನ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ಇದ್ದೇನೆ. ಆ ಕಾಲು ಕಟ್ಟಿಗೆಯದೆಂದು ನನಗೆ ತಿಳಿಯಲಿಲ್ಲ. ಕಾಲು ಎಳೆಯುವುದು ಅವರ ಗತ್ತು ಎಂದುಕೊಂಡಿದ್ದೆ.

ಇಂದು ಬೆಳಿಗ್ಗೆ ಎಪ್ಪತ್ತೆಂಟು ಹಕ್ಕಿ. ಉಳಿದಿರುವುದು ಹನ್ನೆರಡು ದಿನ. ಪರದೆ ಮುಚ್ಚಿಯೇ ಇದೆ. ಅವರನ್ನು ನನಗಿಂತ ಬಲ್ಲವರು ನೀವು. ಏನು ಮಾಡಲಿ?

ಮಾಲಿ


ಮೇ 23

ಅಮ್ಮಾ,

ತುರ್ತು ಅಂಚೆಗೆ ಹಾಕುತ್ತಿದ್ದೇನೆ, ಅದಕ್ಕೇ ಎರಡೇ ಸಾಲು.

ಕ್ಷಮೆಗೆ ಅವರು ಬಾಗಿಲು ತೆಗೆಯುವವರಲ್ಲ. ಅದು ಅವರಿಗೆ ಕೇಳಿಸುವುದೇ ಇಲ್ಲ. ಆದರೆ ಒಂಬತ್ತು ವರ್ಷದಲ್ಲಿ ನನ್ನ ಒಂದು ತಪ್ಪನ್ನೂ ಅವರು ತಿದ್ದದೆ ಬಿಟ್ಟಿಲ್ಲ. ಒಮ್ಮೆ ಜ್ವರದಲ್ಲಿ ಮಲಗಿದ್ದಾಗಲೂ ಅಂಚೆ ಚೀಟಿಯನ್ನು ಓರೆಯಾಗಿ ಅಂಟಿಸಿದ್ದೀಯ ಎಂದು ಕಾರ್ಡು ಬರೆದಿದ್ದರು.

ನಾನೂ ನಾಲ್ಕನೆಯ ಪತ್ರ ಬರೆದಿದ್ದೇನೆ. ಕೈಯ ವಿಷಯ ನಿಜವೆಂದು ಒಪ್ಪಿಕೊಂಡಿದ್ದೇನೆ.

ಬೊಂಬೆಯವನು


ಜೂನ್ 2

ಅಣ್ಣನವರಿಗೆ,

ಹೌದು, ಬರೆದಿದ್ದೇನೆ. ನಗಬೇಡಿ.

ನಿಮ್ಮ ಪತ್ರ ಓದಿ ಅರ್ಧ ದಿನ ಯೋಚಿಸಿದೆ. ಇಪ್ಪತ್ತಾರನೆಯ ತಾರೀಖು ನಡು ಮಧ್ಯಾಹ್ನ, ನರಿಯನ್ನು ಹೊತ್ತುಕೊಂಡು ಹೋಗಿ ಅವರ ಕಿಟಕಿಗೆ ನೇರವಾಗಿ ಕಾಣುವ ಮರದ ಬುಡದಲ್ಲಿ, ಬಾಲ ನೀರಿಗೆ, ಮೂತಿ ಆಸ್ಪತ್ರೆಯ ಗೋಡೆಗೆ ಮಾಡಿ ನಿಲ್ಲಿಸಿದೆ. ಇದಕ್ಕಿಂತ ತಪ್ಪಾಗಿ ಯಾರೂ ನಿಲ್ಲಿಸಲಾರರು. ಹೆಬ್ಬಾತುಗಳೂ ಕತ್ತೆತ್ತಿ ನೋಡಿದವು. ಪರದೆ ಒಂದು ಬೆರಳಿನಷ್ಟು ಅಲುಗಿತು, ಮತ್ತೆ ಮುಚ್ಚಿಕೊಂಡಿತು.

ಎರಡನೆಯ ದಿನ ಇನ್ನೂ ಮುಂದೆ ಹೋದೆ. ನರಿಯನ್ನು ಬೆಂಚಿನ ಮೇಲೆ ಹತ್ತಿಸಿದೆ. ಕಾವಲುಗಾರ ಬಂದು "ಅಮ್ಮ, ಹುಷಾರಾಗಿದ್ದೀರಾ?" ಎಂದು ಕೇಳಿದ. ರಸ್ತೆಯಾಚೆ ಹೆಂಡತಿ ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡಿದ್ದರು. ಒಳಗಿನಿಂದ ಪಾತ್ರೆ ಬಿದ್ದ ಸದ್ದು ಬಂತು.

ಮೂರನೆಯ ದಿನ ಮತ್ತೆ ಗೋಡೆಯ ಬಳಿ. ಈ ಸಲ ಮೂತಿ ಗೋಡೆಗೆ ತಾಗುವಂತೆ. ರೋಗಿಗಳು ಕಿಟಕಿಗಳಲ್ಲಿ ಸೇರಿದ್ದರು, ಬಸ್ ಓಡಿಸುತ್ತಿದ್ದವರೂ ಇದ್ದರು. ನಾನು ಮೊಳೆ ಊರುತ್ತಿದ್ದ ಹಾಗೆ ಧಡಾರನೆ ಆ ಕಿಟಕಿ ತೆರೆಯಿತು.

"ಏಯ್! ಏನದು? ನರಿ ಉಚ್ಚೆ ಹೊಯ್ಯೋಕೆ ನಿಂತಿದ್ಯಾ ಅಲ್ಲಿ?"

ಇಡೀ ಆಸ್ಪತ್ರೆ ನಕ್ಕಿತು. ನಾನು ಮುಖ ಎತ್ತಲಿಲ್ಲ.

"ಎಡಕ್ಕೆ ತಗೋ! ಬಯಲಿಗೆ!"

ನಾನು ಬಲಕ್ಕೆ ತೆಗೆದುಕೊಂಡು ಹೋದೆ.

"ಎಡಕ್ಕೆ ಅಂದ್ರೆ! ಎಡ ಗೊತ್ತಿಲ್ವಾ ನಿಂಗೆ?"

ಇನ್ನೂ ಬಲಕ್ಕೆ ಹೋದೆ. ಕಿಟಕಿ ಮುಚ್ಚಿತು. ಕೆಟ್ಟೆ ಎಂದುಕೊಂಡೆ. ಅಷ್ಟರಲ್ಲಿ ಬಾಗಿಲು ತೆರೆದು, ಮೊಳೆಬೂಟು ಹಾಕಿಕೊಂಡು, ಅಂಗಿಯ ಗುಂಡಿ ತಪ್ಪು ತಪ್ಪಾಗಿ ಹಾಕಿಕೊಂಡು, ಅವರು ರಸ್ತೆ ದಾಟಿ ಬರುತ್ತಿದ್ದರು. ಕಾವಲುಗಾರ ಎದ್ದು ನಿಂತ. ಆಸ್ಪತ್ರೆಯ ಮುಂಬಾಗಿಲನ್ನು ಎರಡೂ ಕೈಯಿಂದ ಅಗಲವಾಗಿ ತೆಗೆದ.

ಬಂದವರೇ ನನ್ನ ಕೈಯಿಂದ ನರಿ ಕಿತ್ತುಕೊಂಡರು. "ಹಕ್ಕಿ ಮೇಯೋ ಕಡೆ ಇಡ್ತೀಯ ನೀನು. ಇಳಿಯೋ ಕಡೆ ಇಡಬೇಕು. ಅವು ಗಾಳಿಗೆ ಎದುರಾಗಿ ಇಳಿಯೋದು. ದಿನಾ ಬೆಳಿಗ್ಗೆ ಗಾಳಿ ಎತ್ತಲಿಂದ ಅಂತ ಮೊದಲು ನೋಡ್ಬೇಕು. ಒಂದು ಹಿಡಿ ಹುಲ್ಲು ಕಿತ್ತು ಮೇಲಕ್ಕೆ ಹಾರಿಸು. ಇಳಿದ ಮೇಲೆ ಯಾವ ನರಿ ಕಂಡ್ರೂ ಅವಕ್ಕೆ ಅಷ್ಟೇನೇ." ಇಷ್ಟೇ ಗುಟ್ಟು, ಅಣ್ಣ. ನಿಮ್ಮ ಚೀಟಿಯಲ್ಲೂ ಇದಿಲ್ಲ.

ನಾನು ಹೇಳಿದೆ, "ನೀವು ನನಗೆ ಸಹಾಯ ಮಾಡ್ತಿದ್ದೀರಿ ಅಂತ ನನಗೆ ಗೊತ್ತಾಗ್ಲಿಲ್ಲ."

"ನಿಂಗೆ ಯಾರು ಸಹಾಯ ಮಾಡಿದ್ರು? ನಾನು ಹುಲ್ಲಿಗೆ ಮಾಡಿದ್ದು" ಎಂದರು. ನರಿಯ ಮೊಳೆ ಊರುತ್ತಾ, "ಆಮೇಲಾಮೇಲೆ ನೀನು ಮೂರ್ಖಳ ಹಾಗೆ ಹುಡುಕೋದನ್ನ ನೋಡೋಕೂ ಚೆನ್ನಾಗಿತ್ತು" ಎಂದರು. ಅದೂ ನಿಜವಿರಬೇಕು.

ಮೂವತ್ತೊಂದರಂದು ನಿರ್ದೇಶಕರು ಬಂದಾಗ ಹುಲ್ಲಿನ ಮೇಲೆ ಹದಿಮೂರು ಹಕ್ಕಿ ಇದ್ದವು. ಗೆದ್ದೆವೆಂದು ಹೇಳಲಾರೆ. ಆದರೆ ಅದೇ ಹೊತ್ತಿಗೆ ಬಸ್ ಓಡಿಸುತ್ತಿದ್ದವರು ಹುಲ್ಲಜ್ಜನ ತೋಳು ಹಿಡಿದು ಹೊರಗೆ ಬಂದರು. ಇಬ್ಬರದೂ ಒಂದೊಂದು ಕಾಲು ಎಳೆಯುತ್ತಿತ್ತು, ತಾಳ ತಪ್ಪುತ್ತಿತ್ತು, ಬೈದುಕೊಳ್ಳುತ್ತಿದ್ದರು. ಹನ್ನೊಂದು ಹೆಜ್ಜೆ. ನಿರ್ದೇಶಕರು ಬಹಳ ಹೊತ್ತು ನೋಡಿ, "ಈ ವರ್ಷ ಹೀಗೇ ಇರಲಿ" ಎಂದು ಒಳಗೆ ಹೋದರು. ಮುಂದಿನ ವರ್ಷದ್ದು ಮುಂದಿನ ವರ್ಷಕ್ಕೆ.

ನಿಮ್ಮ ಮಾತು ಎತ್ತಿದೆ. ಅವರು ಮುಖ ತಿರುಗಿಸಿದರು. ಸಂಜೆ ಹೊರಡುವಾಗ ತಾವಾಗಿಯೇ ಕೇಳಿದರು, "ಅವನ ಕೈ ನಡುಗೋದು ನಿಜಾನಾ? ನಾನು ಸಿಟ್ಟಿಗೆ ಬರೆದಿದ್ದೆ." ನಿಜ ಎಂದೆ. ಈಗ ಈ ಕಾಗದದಲ್ಲಿ ಕೆಳಗೆ ಜಾಗ ಬಿಡು ಎಂದು ಎದುರಿಗೇ ನಿಂತಿದ್ದಾರೆ. ನಾನು ಬರೆದದ್ದನ್ನೂ ಓದುತ್ತಿದ್ದಾರೆ, ಕೈ ಅಡ್ಡ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಮಾಲಿ


ಬೊಂಬೆಯವನಿಗೆ,

ನಾಲ್ಕು ಪತ್ರವೂ ಬಂದಿವೆ. ಓದಿದ್ದೇನೆ. ನಾಲ್ಕರಲ್ಲೂ ಕಾಗುಣಿತ ತಪ್ಪಿದೆ. ನೀನು ಮಾಡಿದ್ದು ಶುದ್ಧ ನರಿಬುದ್ಧಿ, ಅದನ್ನು ಇಷ್ಟು ಬೇಗ ಮರೆಯುವವನಲ್ಲ ನಾನು.

ಕೊಳದ ಆಚೆ ದಡಕ್ಕೆ ಇನ್ನೊಂದು ನರಿ ಬೇಕು. ಬಣ್ಣ ಹಚ್ಚದೆ ಕಳಿಸು. ಕಣ್ಣು, ಮೂತಿ ಇಲ್ಲಿ ನಾನೇ ಬರೆದುಕೊಳ್ಳುತ್ತೇನೆ. ಆ ಕೆಲಸ ನನಗೆ ಬಾರದು, ಖಂಡಿತ ಕೆಡುತ್ತದೆ. ಎರಡು ದಿನದ ಹಾದಿ ಅಷ್ಟೇ ತಾನೆ, ಬಂದು ಸರಿಮಾಡಿ ಹೋಗು.

ಹುಲ್ಲಜ್ಜ